ಚಿಕ್ಕ ಹೊಟ್ಟೆಯ ಸಂಸಾರ

"ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡರೆ ಮತ್ತೆ ಬೇಕಾದ್ದು ತಿನ್ನಬಹುದಂತಲ್ಲ?" ಎಂದು ಕೇಳುವವರಿದ್ದಾರೆ. "ಇನ್ನು ಜೀವಮಾನವಿಡೀ ಗಂಜಿನೀರೇ ಗತಿಯಂತೆ, ಪಾಪ" ಎಂದು ಮರುಗುವವರೂ ಇದ್ದಾರೆ. ಎರಡೂ ಸರಿಯಲ್ಲ. 2019ರ ಜೂನ್ ತಿಂಗಳಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನನಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಯಿತು. ನಮ್ಮ ಕಾಸರಗೋಡು ಕಡೆಯ ಅಕ್ಕಪಕ್ಕದ ಚರ್ಚುಗಳಿಂದ ಇದೇ ವಿಷಯ ಕೇಳಿಕೊಂಡು ಆಗಾಗ ಫೋನು ಬರುತ್ತಿರುವುದರಿಂದ, ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ.

ಆಗ ನನ್ನ ತೂಕ 112 ಕಿಲೋ, ಎತ್ತರ 156 ಸೆಂಟಿಮೀಟರ್. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಸಲ ಇನ್ಸುಲಿನ್, ರಕ್ತದೊತ್ತಡಕ್ಕೆ ಮಾತ್ರೆ, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಪೂಜೆಯಲ್ಲಿ ಮೊಣಕಾಲೂರಿ ಎಷ್ಟೋ ವರ್ಷಗಳಾಗಿದ್ದವು. ಕೊನೆಯ ಬೆಂಚಿನಲ್ಲಿ ಕುಳಿತೇ ಇರುತ್ತಿದ್ದೆ. ನನ್ನ ತಾಯಿ ಇದೇ ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ಕಳೆದುಕೊಂಡು, ಎರಡು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡವರು. ನನ್ನ ಹೆಬ್ಬೆರಳಿನ ಗಾಯ ಮೂರು ತಿಂಗಳಾದರೂ ಮಾಯದಿದ್ದಾಗ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಅಮ್ಮನದೇ ನೆನಪು.

ನನಗೆ ಮಾಡಿದ್ದು ಬೈಪಾಸ್ ಎಂಬ ಬಗೆ. ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಕೋಳಿಮೊಟ್ಟೆಯಷ್ಟು ಚಿಕ್ಕ ಚೀಲ ಉಳಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಳಿದ ಹೊಟ್ಟೆಯನ್ನು ತೆಗೆದು ಬಿಸಾಡುವುದಿಲ್ಲ, ಅದು ಒಳಗೇ ಇರುತ್ತದೆ. ಊಟ ಮಾತ್ರ ಆ ದಾರಿಯಲ್ಲಿ ಹೋಗುವುದಿಲ್ಲ. ಇನ್ನೊಂದು ಬಗೆ ಸ್ಲೀವ್. ಅದರಲ್ಲಿ ಹೊಟ್ಟೆಯ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಭಾಗವನ್ನು ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯನ್ನಷ್ಟೇ ಬಿಡುತ್ತಾರೆ. ಯಾರಿಗೆ ಯಾವುದು ಎಂಬುದು ವೈದ್ಯರ ಲೆಕ್ಕ. ನನಗೆ ಸಕ್ಕರೆ ಕಾಯಿಲೆಯೂ ಎದೆಯುರಿಯೂ ಇದ್ದುದರಿಂದ ಬೈಪಾಸ್ ಆಯಿತು.

ಮೊದಲ ಕೆಲವು ದಿನ ತಿಳಿನೀರಿನಂಥದ್ದು ಮಾತ್ರ. ಆಸ್ಪತ್ರೆಯ ಚೀಟಿಯಲ್ಲಿ ಏನೇನೋ ಸೂಪಿನ ಹೆಸರು ಬರೆದಿದ್ದರು. ನನ್ನ ಅತ್ತೆ, ನಾವು ಮಾಂಯ್ ಎನ್ನುತ್ತೇವೆ, ಚೀಟಿ ಓದಿಸಿಕೊಂಡು ಕೇಳಿ, "ಇದಕ್ಕೆಲ್ಲ ಎಂತಕ್ಕೆ ದುಡ್ಡು ಬಾಯೆ, ಗಂಜಿಯ ತಿಳಿ ಉಂಟಲ್ಲ" ಎಂದು ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಚಿಟಿಕೆ ಉಪ್ಪು ಹಾಕಿ, ಔಷಧಿಯ ಮುಚ್ಚಳದಲ್ಲಿ ಅಳೆದು ಕೊಟ್ಟರು. ಡಯಟೀಷಿಯನ್ ಸರಿ ಎಂದರು. ಆಮೇಲೆ ತೆಳು ಮಜ್ಜಿಗೆ, ಹಾಲು, ಬೇಳೆಯ ಕಟ್ಟು; ಆಮೇಲೆ ನುಣ್ಣಗೆ ಅರೆದದ್ದು; ಆಮೇಲೆ ಮೆತ್ತಗೆ ಬೇಯಿಸಿದ್ದು. ಎರಡು ತಿಂಗಳಾಗುವಾಗ ಮನೆಯವರು ಉಣ್ಣುವುದನ್ನೇ ಉಣ್ಣುವ ಹಾಗಾದೆ, ಆದರೆ ಕಾಫಿಯ ಸಾಸರಿನಲ್ಲಿ. ಆ ಸೆಪ್ಟೆಂಬರ್ 8ರಂದು ಮೊಂತಿ ಹಬ್ಬಕ್ಕೆ ಆಶೀರ್ವದಿಸಿದ ಹೊಸ ತೆನೆಯ ಅಕ್ಕಿಪುಡಿಯನ್ನು ಹಾಲಿಗೆ ಹಾಕಿ ಎಲ್ಲರಿಗೂ ಕೊಟ್ಟಾಗ, ನನ್ನ ಪಾಲು ಒಂದು ಚಮಚ. ಬಾಳೆಲೆಯ ಮೇಲಿನ ಅಷ್ಟೂ ತರಕಾರಿ ಬಗೆಗಳಲ್ಲಿ ಒಂದೊಂದು ಬೆರಳಷ್ಟು. ಅಷ್ಟಕ್ಕೇ ಹೊಟ್ಟೆ ತುಂಬಿತು, ಅದೇ ನನಗೆ ಆಶ್ಚರ್ಯ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಪರೇಷನ್ ಆದ ಹೊಸದರಲ್ಲಿ ನಮ್ಮವರೇ ಒಬ್ಬರು, "ಬಾಯಿ ಕಟ್ಟಲಾಗದೆ ಹೊಟ್ಟೆ ಕಟ್ಟಿಸಿಕೊಂಡಳು" ಎಂದದ್ದು ನನ್ನ ಕಿವಿಗೂ ಬಿತ್ತು. ಹೊಟ್ಟೆಬಾಕತನ ಏಳು ಮೂಲ ಪಾಪಗಳಲ್ಲಿ ಒಂದೆಂದು ಧರ್ಮೋಪದೇಶದ ತರಗತಿಯಲ್ಲಿ ಎಲ್ಲರೂ ಕಲಿತವರೇ. ನಾನೂ ಎಷ್ಟೋ ವರ್ಷ ಪಾಪನಿವೇದನೆಯಲ್ಲಿ ಅದನ್ನೇ ಹೇಳುತ್ತಿದ್ದೆ. ಆದರೆ ಶಸ್ತ್ರಚಿಕಿತ್ಸೆಯ ನಂತರ ನನ್ನ ಹಸಿವೆಯೇ ಬೇರೆಯಾಯಿತು. ಬೆಳಿಗ್ಗೆ ಏಳುವಾಗಲೇ ಕಾಡುತ್ತಿದ್ದ ಆ ತಳಮಳ ಇಲ್ಲ. ಹೊಟ್ಟೆ ಮತ್ತು ಕರುಳಿನಿಂದ ಮೆದುಳಿಗೆ ಹೋಗುವ ಹಾರ್ಮೋನುಗಳು ಬದಲಾಗುವುದರಿಂದ ಹೀಗಾಗುತ್ತದೆ, ಚೀಲ ಚಿಕ್ಕದಾದದ್ದು ಒಂದೇ ಕಾರಣವಲ್ಲ ಎಂದು ಡಾಕ್ಟರು ವಿವರಿಸಿದರು. ಹಾಗಾದರೆ ಈಗಿನ ಮಿತ ಊಟ ನನ್ನ ಸಂಯಮದ ಫಲವಲ್ಲ. ಇದು ಪುಣ್ಯವಲ್ಲವೆಂದ ಮೇಲೆ ಅದು ಪೂರ್ತಿ ಪಾಪವಾಗಿತ್ತೇ? ಧರ್ಮಗುರುಗಳ ಹತ್ತಿರ ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಕಾಯಿಲೆಯನ್ನು ಯಾರೂ ನಿವೇದಿಸಬೇಕಾಗಿಲ್ಲ" ಎಂದರು. ಅವತ್ತು ಚರ್ಚಿನಿಂದ ಮನೆಗೆ ನಡೆದು ಬರುವಾಗ ಅತ್ತೆ, ಯಾಕೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ಉಪವಾಸದ ವಿಷಯವನ್ನೂ ಬಹಳ ಮಂದಿ ಕೇಳುತ್ತಾರೆ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ 18 ವರ್ಷ ತುಂಬಿದವರಿಂದ 59 ತುಂಬುವವರೆಗಿನವರಿಗೆ. ಆರೋಗ್ಯವಿಲ್ಲದವರಿಗೆ ವಿನಾಯಿತಿ ಇದೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸಕ್ಕೆ ನೀರೂ ಔಷಧಿಯೂ ಅಡ್ಡಿಯಲ್ಲ, ಕಾಯಿಲೆಯವರಿಗೆ ಅದೂ ಸಡಿಲ. ಮಾಂಯ್ ಚಿಕ್ಕವರಿದ್ದಾಗ ನಡುರಾತ್ರಿಯಿಂದಲೇ ಏನೂ ಮುಟ್ಟುವ ಹಾಗಿರಲಿಲ್ಲ. 1957ರಲ್ಲಿ ಅದು ಮೂರು ಗಂಟೆಯಾಗಿ, 1964ರಲ್ಲಿ ಒಂದು ಗಂಟೆಯಾಯಿತು. "ಈಗಿನವರಿಗೆ ಎಲ್ಲ ಸುಲಭ" ಎನ್ನುತ್ತಲೇ ಅವರು ನನ್ನ ಚೀಲಕ್ಕೆ ನೀರಿನ ಬಾಟಲಿ ಹಾಕಿಕೊಡುತ್ತಾರೆ.

ಈಗ ಊಟದ ಕ್ರಮ. ತಟ್ಟೆಯಲ್ಲಿ ಮೊದಲು ಪ್ರೋಟೀನು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ನಮ್ಮಲ್ಲಿ ಇದು ತಲೆಕೆಳಗಾದ ಊಟ. ಅನ್ನದ ರಾಶಿಗೆ ಒಂದು ತುಂಡು ಮೀನು ಎಂಬ ಲೆಕ್ಕ ಹೋಗಿ, ಮೀನಿಗೆ ಎರಡು ಚಮಚ ಅನ್ನ ಎಂದಾಗಬೇಕು. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಮೀನಿನಲ್ಲಿ ಸುಮಾರು 20. ಬೂತಾಯಿ, ಬಂಗುಡೆ ಸಿಗುವ ಕರಾವಳಿಯಲ್ಲಿ ಹುಟ್ಟಿದ್ದು ನಮ್ಮ ಅದೃಷ್ಟ. ಡಬ್ಬಿಯ ಪುಡಿಗೆ ಸಾವಿರಗಟ್ಟಲೆ ಸುರಿಯಬೇಕಾಗಲಿಲ್ಲ. ಒಂದೊಂದು ತುತ್ತನ್ನೂ ಮೆತ್ತಗಾಗುವವರೆಗೆ ಅಗಿಯಬೇಕು, ಊಟಕ್ಕೆ 20 ನಿಮಿಷವಾದರೂ ಬೇಕು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ನನಗೆ ಅತಿ ಕಷ್ಟವಾದದ್ದು ಇದೇ. ಸೋಡಾ, ಬಾಟಲಿಯ ಪಾನೀಯ ಬೇಡ. ಮದುವೆಮನೆಯ ವೈನೂ ನಮ್ಮಂಥವರ ತಲೆಗೆ ಬಹಳ ಬೇಗ ಏರುತ್ತದೆ.

ಸಿಹಿಯ ಕತೆ ಕೇಳಿ. ನಮ್ಮ ಸಮಾರಂಭಗಳಲ್ಲಿ ಕೇಕ್ ಕತ್ತರಿಸಿದರೆ ಬಾಯಿಗೇ ತುರುಕುವುದು ಪದ್ಧತಿ. ಒಂದು ರೋಸಿನಲ್ಲಿ ಪ್ರೀತಿಯ ಸಂಬಂಧಿಕರೊಬ್ಬರು ಬೇಡ ಬೇಡವೆನ್ನುವಾಗಲೇ ದೊಡ್ಡ ತುಂಡು ಬಾಯಿಗಿಟ್ಟರು. ಕಾಲು ಗಂಟೆಯಲ್ಲಿ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ನುಲಿತ, ನಿಲ್ಲಲಾಗದಷ್ಟು ಸುಸ್ತು. ಸಿಹಿ ನೇರವಾಗಿ ಕರುಳಿಗೆ ಇಳಿಯುವುದರಿಂದ ಹೀಗಾಗುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಒಳಗಿನ ಕೋಣೆಯಲ್ಲಿ ಅರ್ಧ ಗಂಟೆ ಮಲಗಿದೆ. ಹೊರಗೆ "ಶುಗರಂತೆ", "ಹಾರ್ಟಂತೆ", "ಕ್ಯಾನ್ಸರಂತೆ, ನೋಡಿ ಹೇಗೆ ಇಳಿದುಹೋಗಿದ್ದಾಳೆ" ಎಂದು ಮೂರು ಬಗೆಯ ಸುದ್ದಿ ಹಬ್ಬಿತ್ತು.

ಇಳಿದುಹೋದದ್ದು ನಿಜವೇ. ಮೂರು ನಾಲ್ಕನೇ ತಿಂಗಳಿನಲ್ಲಿ ತಲೆಗೂದಲು ಕೈಗೆ ಬರತೊಡಗಿತು. ಹೆಚ್ಚಿನವರಿಗೆ ಅದು ಮತ್ತೆ ಬರುತ್ತದೆ, ನನಗೂ ಬಂತು. ಸಡಿಲವಾದ ತೋಳಿನ ಚರ್ಮ ಮಾತ್ರ ಹಾಗೇ ಉಳಿದಿದೆ, ಉದ್ದ ತೋಳಿನ ರವಿಕೆ ಹೊಲಿಸಿಕೊಂಡಿದ್ದೇನೆ.

ಮಾತ್ರೆಗಳನ್ನು ಜೀವಮಾನವಿಡೀ ಬಿಡುವ ಹಾಗಿಲ್ಲ: ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ಎರಡು ಗಂಟೆ ಅಂತರ ಬೇಕು; ಕಬ್ಬಿಣದ ಜೊತೆ ಚಹಾ ಬೇಡ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿ ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಹೋಗಲಾಗದೆ ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ನನ್ನ ಒಂಬತ್ತನೇ ತಿಂಗಳ ತಪಾಸಣೆ ಆಗಲೇ ಇತ್ತು. ಡಯಾಲಿಸಿಸ್‌ನವರ ಮುಂದೆ ನನ್ನದೇನೂ ಅಲ್ಲ, ಆದರೂ ಅಂದಿನಿಂದ ನನ್ನ ಎಲ್ಲ ಕಾಗದಗಳ ಒಂದು ಪ್ರತಿಯನ್ನು ಇಲ್ಲಿನ ಡಾಕ್ಟರ ಹತ್ತಿರವೂ ಇಟ್ಟಿದ್ದೇನೆ. ನೀವೂ ಇಡಿ. ಬೈಪಾಸ್ ಆದವರು ಮಂಡಿನೋವು ಎಂದು ಮೆಡಿಕಲ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗುವ ಹಾಗಿಲ್ಲ. ಹೊಟ್ಟೆಯ ಹೊಲಿಗೆಯ ಜಾಗದಲ್ಲಿ ಹುಣ್ಣಾಗುತ್ತದೆ. ವಾಂತಿ ಎರಡು ದಿನವಾದರೂ ನಿಲ್ಲದಿದ್ದರೆ ಕಷಾಯ ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ವ್ಯಾಯಾಮವೆಂದರೆ ನನಗೆ ನಡಿಗೆ. ಆಪರೇಷನ್ ಆದ ಮರುದಿನವೇ ಆಸ್ಪತ್ರೆಯ ವರಾಂಡದಲ್ಲಿ ನಡೆಸಿದ್ದರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು. ಮನೆಗೆ ಬಂದಾಗ ಮಳೆಗಾಲ, ಹೊರಗೆ ಕಾಲಿಡುವಂತಿಲ್ಲ. ಜಗಲಿಯ ಈ ತುದಿಯಿಂದ ಆ ತುದಿಗೆ ಜಪಸರ ಹಿಡಿದು ನಡೆದೆ. ಐದು ರಹಸ್ಯ ಮುಗಿಯಲು 20 ನಿಮಿಷ. ಗಡಿಯಾರ ನೋಡುವ ಕೆಲಸವೇ ಇಲ್ಲ. ಮೊದಲು ಎರಡು ರಹಸ್ಯಕ್ಕೇ ಸುಸ್ತಾಗುತ್ತಿತ್ತು, ನವೆಂಬರಿಗೆ ಎರಡು ಜಪಸರವಾಯಿತು. ಆರು ವಾರ ಕೊಡಪಾನ ಎತ್ತುವಂತಿರಲಿಲ್ಲ. ಆಮೇಲೆ ಭಾರ ಎತ್ತಲೇಬೇಕೆಂದರು, ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದಂತೆ. ಒಂದು ಲೀಟರಿನ ಎರಡು ನೀರಿನ ಬಾಟಲಿ ಎತ್ತುವುದು, ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು. ಈ ಏಳುವುದರಿಂದಲೇ ತೊಡೆಗೆ ಬಲ ಬಂದು, 2020ರ ಹೊಸ ವರ್ಷದ ಪೂಜೆಯಲ್ಲಿ ಮೊಣಕಾಲೂರಿದೆ. ಏಳುವಾಗ ಮುಂದಿನ ಬೆಂಚು ಹಿಡಿಯಬೇಕಾಯಿತು, ಇರಲಿ.

ಒಂದು ವರ್ಷಕ್ಕೆ 76 ಕಿಲೋಗೆ ಇಳಿದೆ. ಈಗ 81. ಸ್ವಲ್ಪ ಮರಳಿ ಬರುವುದು ಸಾಮಾನ್ಯ ಎನ್ನುತ್ತಾರೆ. ಇನ್ಸುಲಿನ್ ನಿಂತಿದೆ, ಒಂದು ಮಾತ್ರೆ ಉಳಿದಿದೆ, ಹೆಬ್ಬೆರಳು ಮಾಯ್ದಿದೆ. ಸಂಜೆ ನಾಲ್ಕಕ್ಕೆ ಚಹಾ-ರಸ್ಕಿನ ಆಸೆ ಮಾತ್ರ ಈಗಲೂ ಬರುತ್ತದೆ. ಅದು ಹೊಟ್ಟೆಯದಲ್ಲ, ತಲೆಯದು. ಆ ಹೊತ್ತಿಗೇ ನಡೆಯಲು ಹೊರಡುತ್ತೇನೆ.

ಕಳೆದ ತಿಂಗಳು ನಮ್ಮ ವಾರ್ಡಿನ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಇಪ್ಪತ್ತಾರರ ಹುಡುಗ, ತೂಕ ಬಹಳ. 2025ರಲ್ಲಿ ನಮ್ಮ ದೇಶಕ್ಕೂ ಬಂದ ತೂಕ ಇಳಿಸುವ ಇಂಜೆಕ್ಷನ್ ಒಳ್ಳೆಯದೋ, ಆಪರೇಷನ್ನೋ ಎಂದು ತಾಯಿಯ ಪ್ರಶ್ನೆ. ಅದು ನಾನು ಹೇಳುವಂಥದ್ದಲ್ಲ, ಡಾಕ್ಟರಲ್ಲಿಗೆ ಬೇಕಾದರೆ ಜೊತೆಗೆ ಬರುತ್ತೇನೆ ಎಂದೆ. ಹುಡುಗ ಅಷ್ಟೂ ಹೊತ್ತು ತಲೆತಗ್ಗಿಸಿ ಕುಳಿತಿದ್ದ. ಎದ್ದು ಹೊರಡುವಾಗ ಮೆಲ್ಲಗೆ, "ಆಂಟಿ, ಆಮೇಲೆ ಬಂಗುಡೆ ಫ್ರೈ ತಿನ್ನಲಿಕ್ಕೆ ಆಗ್ತದಾ?" ಎಂದು ಕೇಳಿದ. ಆಗ್ತದೆ, ಎಣ್ಣೆ ಕಡಿಮೆ, ಒಂದೇ ತುಂಡು, ನಿಧಾನಕ್ಕೆ ಎಂದೆ. ಬರುವ ಮಂಗಳವಾರ ಮೂವರೂ ಮಂಗಳೂರಿಗೆ ಹೋಗುತ್ತಿದ್ದೇವೆ.