ಹಣದ ವಿಳಾಸ

ಹಾಸನದ ನೆರೆಯ ಬೂವನಹಳ್ಳಿಯಿಂದ ದೂರದ ನಗರಕ್ಕೆ ದುಡಿಯಹೋದ ಮಗನು ಊರಿನಲ್ಲಿರುವ ತಾಯಿಯ ಖಾತೆಗೆ ಹಣ ಕಳುಹಿಸಲುದ್ಯುಕ್ತನಾದಾಗ, ಖಾತೆಯ ಸಂಖ್ಯೆಯೊಡನೆ ಅವನು ಬರೆಯಬೇಕಾದ ಹನ್ನೊಂದು ಸ್ಥಾನಗಳ ಐಎಫ್‌ಎಸ್‌ಸಿ ಎಂಬ ಸಂಕೇತವು, ಮೊದಲ ನೋಟಕ್ಕೆ ಅರ್ಥರಹಿತವಾದ ಅಕ್ಷರರಾಶಿಯಂತೆ ತೋರಿದರೂ, ವಸ್ತುತಃ ಲಕೋಟೆಯ ಮೇಲಣ ವಿಳಾಸದಷ್ಟೇ ಸುವ್ಯವಸ್ಥಿತವಾದುದು. ಮೊದಲ ನಾಲ್ಕು ಅಕ್ಷರಗಳು ಬ್ಯಾಂಕನ್ನೂ ಕೊನೆಯ ಆರು ಸ್ಥಾನಗಳು ಶಾಖೆಯನ್ನೂ ಸೂಚಿಸುತ್ತವೆ. ನಡುವಣ ಐದನೆಯದು ಸೊನ್ನೆಯೇ ಹೊರತು ಇಂಗ್ಲಿಷಿನ ‘ಓ’ ಅಕ್ಷರವಲ್ಲ.

ಚೆಕ್ಕಿನ ಕೆಳ ಅಂಚಿನಲ್ಲಿ ಕಾಂತೀಯ ಶಾಯಿಯಿಂದ ಮುದ್ರಿತವಾದ ಎಂಐಸಿಆರ್ ಸಂಕೇತವು ಇದರ ಸೋದರ. ಅದರ ಒಂಬತ್ತು ಅಂಕಿಗಳಲ್ಲಿ ಮೊದಲ ಮೂರು ಊರಿನವು, ಅನಂತರದ ಮೂರು ಬ್ಯಾಂಕಿನವು, ಕಡೆಯ ಮೂರು ಶಾಖೆಯವು. ಹಾಸನದ ಶಾಖೆಗಳಲ್ಲಿ ಅದು 573ರಿಂದ ಮೊದಲಾಗುತ್ತದೆ. ನಮ್ಮ ಅಂಚೆಯ ಪಿನ್ ಕೋಡಿನ ಆದಿಯೂ ಅದೇ.

ಈ ಎರಡೂ ಸಂಕೇತಗಳು ಪಾಸ್‌ಬುಕ್ಕಿನ ಮೊದಲ ಪುಟದಲ್ಲಿಯೂ ಚೆಕ್ಕಿನ ಹಾಳೆಯಲ್ಲಿಯೂ ದೊರೆಯುತ್ತವೆ. ಆದರೆ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಹಳೆಯ ಪಾಸ್‌ಬುಕ್ಕನ್ನು ಕಣ್ಮುಚ್ಚಿ ನಂಬಲಾಗದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಜನಿಸಿ, ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಎಂದು ಹೆಸರಾಂತ ಸಂಸ್ಥೆಯು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 1925ರಲ್ಲಿ ಉಡುಪಿಯಲ್ಲಿ ಉದಯಿಸಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕನ್ನು ಸೇರಿ, ಅದರ ಹಳೆಯ ಸಂಕೇತಗಳು 2021ರ ಜುಲೈ 1ರಿಂದ ಚಲಾವಣೆ ತಪ್ಪಿದವು. ಖಾತೆ ಉಳಿದಿದ್ದರೂ ವಿಳಾಸ ಬದಲಾಗಿರುತ್ತದೆ.

ಇನ್ನೊಂದು ಮಾತು ಅತ್ಯಂತ ಮನನೀಯವಾದುದು. ನೆಫ್ಟ್ ಎಂಬ ಹಣ ರವಾನೆಯ ವ್ಯವಸ್ಥೆಯ ಮೂಲಕ ಹೋಗುವ ಹಣವನ್ನು ಬ್ಯಾಂಕು ಖಾತೆಯ ಸಂಖ್ಯೆಯನ್ನೇ ಪ್ರಮಾಣವೆಂದು ಭಾವಿಸಿ ಜಮೆ ಮಾಡಬಲ್ಲುದು. ಬರೆದ ಹೆಸರು ಸರಿಯಾಗಿದೆಯೆಂಬುದೇ ರಕ್ಷಣೆಯಲ್ಲ. ಪಡೆಯುವವರ ಹೆಸರನ್ನು ಮುಂಚಿತವಾಗಿ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕಲ್ಪಿಸಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿದುದು ಈ ಕಾರಣದಿಂದಲೇ. ಆದುದರಿಂದ, ಓದುಬರಹ ಬಲ್ಲ ಕಿರಿಯರು ಮನೆಯ ಹಿರಿಯರ ಪಾಸ್‌ಬುಕ್ಕನ್ನು ಶಾಖೆಗೊಯ್ದು, ಇಂದಿನ ಸಂಕೇತವನ್ನು ಅದರಲ್ಲಿ ಬರೆಯಿಸಿಕೊಂಡು ಬರಲಿ. ಬೆವರು ಸುರಿಸಿ ಗಳಿಸಿದ ಹಣಕ್ಕೆ ಅಷ್ಟು ಶ್ರಮ ಸಲ್ಲತಕ್ಕದ್ದು.