ಬಾವಿಯ ಲೆಕ್ಕ

ಈ ಸಲ ಗೋಡೆಪತ್ರಿಕೆಗೆ ಕವನ ಕೊಡೋಣ ಅಂತಿದ್ದೆ. ಆದರೆ ನಾನೊಂದು ತಪ್ಪು ಒಪ್ಪಿಕೊಳ್ಳುವುದು ಬಾಕಿ ಇದೆ.

ಕಿರುಪರೀಕ್ಷೆಗೆ ಮುಂಚೆ ನನ್ನ ಗೆಳತಿ ಭೌತಶಾಸ್ತ್ರದ ಲೆಕ್ಕ ಹೇಳಿಕೊಡು ಅಂತ ಬಂದಳು. ನಾನು ಹೇಳಿಕೊಡಲಿಲ್ಲ, ನನ್ನ ನೋಟ್ಸನ್ನೇ ಕೊಟ್ಟುಬಿಟ್ಟೆ. ಕೈಬಿಟ್ಟ ಕಲ್ಲು 2 ಸೆಕೆಂಡಿಗೆ ಬಾವಿಯ ನೀರು ಮುಟ್ಟಿದರೆ ನೀರು ಎಷ್ಟು ಕೆಳಗಿದೆ? ಉತ್ತರ 19.6 ಮೀಟರ್. ಅವಳು ದುಂಡಗೆ ನಕಲು ಮಾಡಿಕೊಂಡಳು. ಪರೀಕ್ಷೆಯಲ್ಲಿ 1 ಸೆಕೆಂಡು ಅಂತ ಕೇಳಿದ್ದರು. ಅವಳು ಅರ್ಧ ಮಾಡಿ 9.8 ಬರೆದಳು. ಸೊನ್ನೆ ಬಂತು. "ವಿಜ್ಞಾನ ನನ್ ತಲೆಗೆ ಹತ್ತಲ್ಲ ಕಣೇ, ಸ್ಕೂಲ್ ಬಿಟ್ಬಿಡ್ತೀನಿ" ಅಂದಳು. ಎರಡು ದಿನ ಬರಲೇ ಇಲ್ಲ. ನನಗೆ ಊಟ ಸೇರಲಿಲ್ಲ.

ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ಬೈಯಲಿಲ್ಲ. "ಪೆನ್ನು ಅವಳ ಕೈಗೆ ಕೊಡು. ನೀನು ಬರೀ ಪ್ರಶ್ನೆ ಕೇಳು. ಸೂತ್ರ ಆಮೇಲೆ" ಅಂದರು.

ಭಾನುವಾರ ಅವಳ ಮನೆಗೇ ಹೋದೆ. ಮೊದಲು ಬಾವಿ, ಕಲ್ಲು ಎರಡರ ಚಿತ್ರ ಬರೆಸಿದೆ.

"ಕೈ ಬಿಟ್ಟಾಗ ಕಲ್ಲಿನ ವೇಗ ಎಷ್ಟು?"

"ಸೊನ್ನೆ."

"ಒಂದು ಸೆಕೆಂಡ್ ಆದ್ಮೇಲೆ?"

"ಸೆಕೆಂಡಿಗೆ 9.8 ಮೀಟರ್."

"ಹಾಗಾದ್ರೆ ಇಡೀ ಸೆಕೆಂಡು ಅದೇ ವೇಗದಲ್ಲಿ ಬಿತ್ತಾ?"

ಸುಮ್ಮನಾದಳು. ಉತ್ತರ ನನ್ನ ನಾಲಿಗೆ ತುದಿಗೆ ಬಂದಿತ್ತು, ಕಷ್ಟಪಟ್ಟು ತಡೆದುಕೊಂಡೆ. (ಸುಮ್ಮನಿರೋದು ನನಗೆ ಎಷ್ಟು ಕಷ್ಟ ಅಂತ ನಮ್ಮ ಕ್ಲಾಸಿಗೆಲ್ಲ ಗೊತ್ತು.) ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು: "ಇಲ್ಲ ಕಣೇ, ಸೊನ್ನೆಯಿಂದ ಏರ್ತಾ ಬಂತು. ಸರಾಸರಿ 4.9. ಅದಕ್ಕೇ ಮೊದಲನೇ ಸೆಕೆಂಡಲ್ಲಿ 4.9 ಮೀಟರ್ ಅಷ್ಟೇ. ಎರಡನೇ ಸೆಕೆಂಡಲ್ಲಿ ಇನ್ನೂ ಜೋರು, 14.7." ಎರಡೂ ಕೂಡಿಸಿದರೆ 19.6! ಸೂತ್ರ ಬಾಯಿಪಾಠ ಮಾಡಿದ್ದ ನನಗೂ ಇದು ಹೊಳೆದಿದ್ದು ಅವತ್ತೇ.

ಆಮೇಲೆ ಅವಳ ಅಪ್ಪನನ್ನು ಕೇಳಿ, ಅವರ ಮುಂದೆಯೇ ಹಿತ್ತಲ ಬಾವಿಗೆ ಸಣ್ಣ ಕಲ್ಲು ಬಿಟ್ಟೆವು. ಮೊಬೈಲಿನಲ್ಲಿ ಒಂದೂವರೆ ಸೆಕೆಂಡು ತೋರಿಸಿತು. ಅವಳು ಲೆಕ್ಕ ಹಾಕಿದಳು, 11 ಮೀಟರ್. ಹಗ್ಗ ಇಳಿಸಿ, ಗಾರೆ ಕೆಲಸದ ಟೇಪಿನಲ್ಲಿ ಅಳೆದರೆ ಹತ್ತೂವರೆ! ಮೊಬೈಲು ಒತ್ತಿದ್ದು ತಡವಾಯಿತು ಅಂತ ನಾನಂದೆ. ಅವಳು ಒಪ್ಪಲಿಲ್ಲ.

ಸೋಮವಾರ ಸ್ಕೂಲಿಗೆ ಬಂದವಳೇ ಮೇಷ್ಟ್ರನ್ನು ಕೇಳಿದಳು: "ಸಾರ್, ಬುಳುಕ್ ಅನ್ನೋ ಶಬ್ದ ಮೇಲೆ ಬರೋಕೂ ಟೈಮ್ ಬೇಕಲ್ವಾ?" ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ನೀನೇ ಹಾಕಿ ನೋಡು ಅಂದರು. 0.03 ಸೆಕೆಂಡು ಬಂತು. ಅದನ್ನು ಕಳೆದು ಮತ್ತೆ ಹಾಕಿದರೆ 10.6 ಮೀಟರ್. ನಾನು ಮಾತ್ರ ಮೊಬೈಲಿಂದೂ ತಪ್ಪಿದೆ ಅಂತಲೇ ಹೇಳ್ತಿದ್ದೀನಿ. ಶನಿವಾರ ಹತ್ತು ಸಲ ಕಲ್ಲು ಬಿಟ್ಟು ನೋಡುವುದು ಅಂತಾಗಿದೆ.

– 9ನೇ ತರಗತಿ ವಿದ್ಯಾರ್ಥಿನಿ