ನಮ್ಮ ಕಾಫಿಗೆ ಎಷ್ಟು ಮಾರ್ಕ್ಸ್?

ಕೊಡಗಿನವರಾದ ನಮಗೆ ಕಾಫಿ ಕುಡಿಯೋದು ಅಭ್ಯಾಸ, ಅದಕ್ಕೆ ಮಾರ್ಕ್ಸ್ ಕೊಡೋದು ಹೊಸದು. ರಜೆಯಲ್ಲಿ ಮೂವರೂ ಕೂತು ಲೆಕ್ಕದ ಪ್ರಕಾರವೇ ಮಾಡಿದ್ವಿ: 150 ಎಂಎಲ್ ಬಿಸಿನೀರಿಗೆ 8.25 ಗ್ರಾಂ ಪುಡಿ, ಹಾಲು-ಸಕ್ಕರೆ ಇಲ್ಲ. 4 ನಿಮಿಷ ಬಿಟ್ಟು, ಮೇಲೆ ತೇಲೋ ಪದರ ಒಡೆದು ಮೂಸಬೇಕು. ಆಮೇಲೆ ಚಮಚದಿಂದ ಸೊರ್ರನೆ ಎಳೀಬೇಕು. ಕಪ್‌ಗಳ ಮೇಲೆ ಹೆಸರಿಲ್ಲ, ಬರೀ ನಂಬರ್.

ಅರೇಬಿಕಾ ಹಗುರ, ಸ್ವಲ್ಪ ಹುಳಿ. ರೊಬಸ್ಟಾ ಗಟ್ಟಿ, ಕಹಿ. ಕೆಫೀನ್ ಸುಮಾರು ಎರಡರಷ್ಟು. ಮೂರನೇ ಕಪ್‌ನಲ್ಲಿ ಮಾತ್ರ ಮುಗ್ಗಲು ವಾಸನೆ. ನಂಬರ್ ನೋಡಿದ್ರೆ ನಮ್ಮಲ್ಲೊಬ್ಬನ ಮನೆಯದೇ! ಕೊಯ್ಲಿನಲ್ಲಿ ಮಳೆ ಬಂದು ಕಣದಲ್ಲಿ ಹಣ್ಣು ಒಣಗಿರಲಿಲ್ಲ.

ಸ್ನೇಹಕ್ಕೆ ಮಾರ್ಕ್ಸ್ ಏರಿಸಬಹುದಿತ್ತು. ಆದರೆ ಅದರಿಂದ ಕಾಫಿ ಒಣಗಲ್ಲವಲ್ಲ? ಕಡಿಮೆಯೇ ಬರೆದ್ವಿ. ಆ ಹಾಳೆಯನ್ನ ಅವನೇ ಅಪ್ಪನಿಗೆ ತೋರಿಸಿದ. "ಮುಂದಿನ ಸಲ ರಾಶಿ ಹಾಕೋದು ಬೇಡ, ತೆಳ್ಳಗೆ ಹರಡೋಣ" ಅಂದ್ರಂತೆ.